ಎರಡು ಬಾರಿ ಬಂದ ಕ್ಯೂ

ಹನ್ನೊಂದು ವರ್ಷಗಳಿಂದ ಇಂಗ್ಲೆಂಡಿನ ರಂಗಮಂದಿರಗಳಲ್ಲಿ ಡೆಪ್ಯುಟಿ ಸ್ಟೇಜ್ ಮ್ಯಾನೇಜರ್ ಆಗಿ ಬುಕ್, ಅಂದರೆ ನಾಟಕದ ಮಾತು ಮತ್ತು ಸೂಚನೆಗಳೆಲ್ಲ ಇರುವ ಪುಸ್ತಕ, ನೋಡಿಕೊಳ್ಳುತ್ತಿದ್ದೇನೆ. ಈ ಅವಧಿಯಲ್ಲಿ ಎಲ್‌ಎಕ್ಸ್ ಕ್ಯೂ (ಬೆಳಕು ಬದಲಿಸುವ ಸೂಚನೆ) ತಡವಾಗಿ ಕೊಟ್ಟದ್ದುಂಟು, ಶೋ ರಿಪೋರ್ಟಿನಲ್ಲಿ ನನ್ನ ತಪ್ಪನ್ನು ನಾನೇ ಬರೆದದ್ದೂ ಉಂಟು. ಆದರೆ 'ದ ಮರ್ಚೆಂಟ್ ಆಫ್ ವೆನಿಸ್' ನಾಟಕದ ಒಂದು ಮೊದಲ ಪ್ರದರ್ಶನದಲ್ಲಿ, ಮಾತಾಡಬಾರದ ಹೊತ್ತಿನಲ್ಲಿ ನಾನು ಗಟ್ಟಿಯಾಗಿ ಹೇಳಿಬಿಟ್ಟ ಮೂರು ಪದಗಳು ಇಂದಿಗೂ ನನ್ನನ್ನು ಚುಚ್ಚುತ್ತವೆ.

ಆ ಪ್ರಯೋಗವನ್ನು ಶೇಕ್ಸ್‌ಪಿಯರ್ ಕಾಲದ ಕ್ರಮದಲ್ಲಿ ಆಡುವುದೆಂದು ನಿರ್ಧಾರವಾಗಿತ್ತು. ಆ ಕಾಲದಲ್ಲಿ ನಟನ ಕೈಗೆ ಇಡೀ ನಾಟಕ ಸಿಗುತ್ತಿರಲಿಲ್ಲ. ಅವನ ಮಾತುಗಳು ಮತ್ತು ಪ್ರತಿ ಮಾತಿಗೂ ಮೊದಲು ಎದುರಿನವನು ಆಡುವ ಕೊನೆಯ ಎರಡು ಮೂರು ಪದಗಳು (ಇವೇ ಅವನ ಕ್ಯೂ), ಇಷ್ಟನ್ನೇ ಕೈಯಲ್ಲಿ ನಕಲು ಮಾಡಿ, ಹಾಳೆಗಳನ್ನು ಅಂಟಿಸಿ, ಸುರುಳಿಯಾಗಿ ಸುತ್ತಿ ಕೊಡುತ್ತಿದ್ದರು. ಎಡ್ವರ್ಡ್ ಆಲಿನ್ ಎಂಬ ನಟನಿಗಾಗಿ ಸುಮಾರು 1591ರಲ್ಲಿ ಬರೆದ ಅಂಥದೊಂದು ಪ್ರತಿ ಲಂಡನ್ನಿನ ಡಲ್ಲಿಚ್ ಕಾಲೇಜಿನಲ್ಲಿ ಈಗಲೂ ಇದೆ. ಅದರಲ್ಲಿ ಕ್ಯೂ ಪದಗಳ ಮುಂದೆ ಒಂದು ಉದ್ದನೆಯ ಗೆರೆ ಇದೆಯೇ ಹೊರತು ಆ ಪದಗಳನ್ನು ಆಡುವವರು ಯಾರೆಂದು ಬರೆದಿಲ್ಲ. ಆ ಕಾಲದ ರಂಗಮಂದಿರ ಮಾಲೀಕ ಹೆನ್ಸ್‌ಲೋ ಇಟ್ಟಿದ್ದ ಲೆಕ್ಕದ ಪುಸ್ತಕವನ್ನು ನೋಡಿದರೆ ಅವನ ರೋಸ್ ರಂಗಮಂದಿರದಲ್ಲಿ ಹೆಚ್ಚುಕಡಿಮೆ ದಿನಕ್ಕೊಂದು ಬೇರೆ ನಾಟಕ ಆಡುತ್ತಿದ್ದರೆಂದು ತಿಳಿಯುತ್ತದೆ. ಹಾಗೆ ಆಡುವವರಿಗೆ ವಾರಗಟ್ಟಲೆ ರಿಹರ್ಸಲ್ ಮಾಡಲು ಪುರುಸೊತ್ತು ಎಲ್ಲಿಂದ ಬರಬೇಕು?

ನಮ್ಮ ಸುರುಳಿಗಳನ್ನು ಸಿದ್ಧಪಡಿಸಿದವನು ನಾನೇ. ಎರಡು ದಿನ ಪ್ರೊಡಕ್ಷನ್ ಆಫೀಸಿನ ಮೇಜಿನ ಮೇಲೆ ಹಾಳೆಗಳನ್ನು ಉದ್ದುದ್ದ ಕತ್ತರಿಸಿ, ತುದಿಗೆ ಗೋಂದು ಹಚ್ಚಿ, ಮರದ ಕಡ್ಡಿಗೆ ಸುತ್ತಿ, ಪ್ರತಿ ಕ್ಯೂವನ್ನೂ ಅಚ್ಚಾದ ಪುಸ್ತಕದೊಂದಿಗೆ ತಾಳೆ ನೋಡಿ ಪೆನ್ಸಿಲಿನಿಂದ ಗುರುತು ಹಾಕಿದೆ. ಸಾಲ ತೀರಿಸಲಾಗದೆ ಸೆರೆಯಾದ ವರ್ತಕ ಆಂಟೋನಿಯೊನ ಸುರುಳಿಯಲ್ಲಿ ಮೂರನೆಯ ಅಂಕದ ಮೂರನೆಯ ದೃಶ್ಯಕ್ಕೆ ಒಂದು ಗೆರೆ, ಅದರ ತುದಿಯಲ್ಲಿ 'ಲುಕ್ ಟು ಹಿಮ್' (ಇವನ ಮೇಲೆ ಕಣ್ಣಿಡು), ಅದರ ಕೆಳಗೆ ಅವನ ಮಾತು. ಪದ ಸರಿಯಾಗಿದೆ ಎಂದು ನೋಡಿದೆ, ಗುರುತು ಹಾಕಿದೆ, ಮುಂದಿನದಕ್ಕೆ ಹೋದೆ. ಆ ಪದಗಳು ಸಾಲ ಕೊಟ್ಟ ಶೈಲಾಕ್‌ನ ಆ ಒಂದೇ ಮಾತಿನೊಳಗೆ ಎರಡು ಬಾರಿ ಬರುತ್ತವೆ, ಮಾತು ಆರಂಭವಾದ ಕೂಡಲೇ ಒಮ್ಮೆ ಮತ್ತು ಅದು ಮುಗಿಯುವಲ್ಲಿ ಇನ್ನೊಮ್ಮೆ, ಎಂಬುದು ನನ್ನ ಕಣ್ಣೆದುರಿಗೇ ಇದ್ದರೂ ಹೊಳೆಯಲಿಲ್ಲ.

ನಟರಿಗೆ ನಿರ್ದೇಶಕರು ಒಂದು ಸಭೆ ಕರೆದಿದ್ದರು. ಕ್ಯೂ ಕೇಳಿಸಿದ ಕೂಡಲೇ ಮಾತಾಡಿ, ಎದುರಿನವರು ನಿಲ್ಲಿಸದಿದ್ದರೂ ಮಾತಾಡಿ, ಗೊಂದಲವಾದರೆ ಪಾತ್ರವಾಗಿಯೇ ಅದನ್ನು ಅನುಭವಿಸಿ ಎಂದು ಅಲ್ಲಿ ಹೇಳಿದ್ದರಂತೆ. ಆ ಸಭೆಗೆ ಸ್ಟೇಜ್ ಮ್ಯಾನೇಜ್‌ಮೆಂಟಿನವರನ್ನು ಯಾರೂ ಕರೆಯಲಿಲ್ಲ. ಕಾಲ್ ಶೀಟಿನಲ್ಲಿ ಆ ಗಂಟೆ ನಮಗೆ 'ಪ್ರಾಪ್ಸ್ ಸೆಟಪ್' ಎಂದಿತ್ತು. ಇಡೀ ಪ್ರದರ್ಶನಕ್ಕೆ ಆಸರೆಯಾಗಿ ಪುಸ್ತಕ ಹಿಡಿದು ಕೂರುವ ಒಬ್ಬನೇ ವ್ಯಕ್ತಿಯನ್ನು ಹೊರಗಿಟ್ಟು ಇಂಥ ಪ್ರಯೋಗ ಮಾಡುವುದು ಸರಿಯಲ್ಲವೆಂದು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ. ಆದರೆ ಏನು ಹೇಳಿದರು ಎಂದು ನಾನಾಗಿ ಹೋಗಿ ವಿಚಾರಿಸಬಹುದಿತ್ತು. ಅದನ್ನು ಮಾಡದಿದ್ದುದಕ್ಕೆ ಆಡಳಿತವನ್ನು ದೂರುವಂತಿಲ್ಲ.

ಅಂದು ಸಂಜೆ ಮೂರನೆಯ ಅಂಕದವರೆಗೆ ಎಲ್ಲವೂ ಚೆನ್ನಾಗಿ ನಡೆಯಿತು. ಶೈಲಾಕ್ ಬಂದು ಸೆರೆಮನೆಯ ಕಾವಲಿನವನಿಗೆ 'ಲುಕ್ ಟು ಹಿಮ್' ಎಂದ ಕ್ಷಣವೇ ಆಂಟೋನಿಯೊ ಬಾಯಿ ತೆರೆದು ಬೇಡಿಕೊಂಡ. ಶೈಲಾಕ್ ಅದನ್ನು ಕೇಳಿಸಿಕೊಳ್ಳದೆ, ದಯೆಯ ಮಾತನ್ನೇ ಎತ್ತಬೇಡ ಎನ್ನುತ್ತಾ ಮುಂದುವರಿದು, ಮತ್ತೆ ಅದೇ ಕ್ಯೂಗೆ ಬಂದು ನಿಂತ. ಆಂಟೋನಿಯೊ ಮಾತಾಡಲಿಲ್ಲ. ಕೈಯನ್ನು ಅರ್ಧಕ್ಕೆ ಎತ್ತಿ, ಸಾಲ ಕೊಟ್ಟವನ ಮುಖವನ್ನೇ ನೋಡುತ್ತಾ ನಿಂತಿದ್ದ. ಸಭಾಂಗಣದಲ್ಲಿ ಒಂದು ಕೆಮ್ಮೂ ಇರಲಿಲ್ಲ. ನಾನು ಪುಸ್ತಕ ನೋಡಿದೆ: ಅವನ ಮಾತು ಅಲ್ಲಿದೆ, ಆಡಿಲ್ಲ. ಒಂದು, ಎರಡು, ಮೂರು ಎಣಿಸಿದೆ. ಡ್ರೈ ಆದನೆಂದು, ಅಂದರೆ ಮಾತು ಮರೆತನೆಂದು, ತೀರ್ಮಾನಿಸಿ 'ಹಿಯರ್ ಮಿ ಯೆಟ್' (ನನ್ನ ಮಾತು ಕೇಳು) ಎಂದು ಪ್ರಾಂಪ್ಟ್ ಮಾಡಿದೆ, ಸಾಲನ್ನು ಹೇಳಿಕೊಟ್ಟೆ. ಮೊದಲ ಸಾಲಿನವರು ತಲೆ ತಿರುಗಿಸಿ ನನ್ನತ್ತ ನೋಡಿದರು. ಆಂಟೋನಿಯೊನ ಕೈ ಕೆಳಗಿಳಿಯಿತು. ಶಾಲೆಯ ಹುಡುಗ ಪಾಠ ಒಪ್ಪಿಸುವಂತೆ ಅವನು ಆ ಸಾಲನ್ನು ಹೇಳಿದ.

ಅದರ ಪರಿಣಾಮ ಅಲ್ಲಿಗೇ ನಿಲ್ಲಲಿಲ್ಲ. ಆಂಟೋನಿಯೊನ ಗೆಳೆಯ ಸೊಲಾನಿಯೊನ ಕ್ಯೂ 'ಹ್ಯಾವ್ ಮೈ ಬಾಂಡ್' (ನನ್ನ ಕರಾರು ನನಗೆ ಬೇಕು). ಶೈಲಾಕ್ ಆ ದೃಶ್ಯದಲ್ಲಿ ಆ ಪದಗಳನ್ನು ಐದು ಬಾರಿ ಆಡುತ್ತಾನೆ, ಐದನೆಯದೇ ನಿಜವಾದ ಕ್ಯೂ. ನನ್ನ ದನಿ ಕೇಳಿದ ಮೇಲೆ ತಪ್ಪಾದೀತೆಂಬ ಭಯ ಆ ನಟನನ್ನು ಹಿಡಿಯಿತು. ಪ್ರತಿ ಬಾರಿಯೂ ಉಸಿರೆಳೆದುಕೊಂಡು ತಡೆದು ನಿಂತ. ಐದನೆಯ ಬಾರಿ ಶೈಲಾಕ್ ಹೊರಟೇಹೋದರೂ ಅವನು ಆರನೆಯದಕ್ಕೆ ಕಾಯುತ್ತಿದ್ದ. ಇದು ನಿಜವಾದ ಡ್ರೈ. ಈ ಬಾರಿ ನಾನು ನಾಚಿಕೆಯಿಂದ ಬಾಯಿ ಬಿಡಲಿಲ್ಲ. ಹತ್ತು ಹನ್ನೆರಡು ಸೆಕೆಂಡುಗಳ ನಂತರ, ಆಂಟೋನಿಯೊ ಓರೆಗಣ್ಣಿನಲ್ಲಿ ನಾನು ಕೂತಿದ್ದ ಕಾರ್ನರಿನ ಕಡೆ ನೋಡಿದಾಗಷ್ಟೇ ಸಾಲನ್ನು ಕೊಟ್ಟೆ.

ಪ್ರದರ್ಶನ ಮುಗಿದ ಮೇಲೆ ಆಂಟೋನಿಯೊ ಪಾತ್ರಧಾರಿ ನನ್ನ ಬಳಿ ಬಂದು ಮೆಲ್ಲಗೆ ಹೇಳಿದರು: "ನನಗೆ ಸಾಲು ಮರೆತಿರಲಿಲ್ಲ. ಒಮ್ಮೆ ಬೇಡಿಕೊಂಡಾಗಿತ್ತು, ಅವನು ಕೇಳಲಿಲ್ಲ. ಮತ್ತೊಮ್ಮೆ ಬೇಡುವುದು ಎಷ್ಟು ಕಷ್ಟವೆಂದು ಆ ಕ್ಷಣದಲ್ಲಿ ನನಗೆ ಗೊತ್ತಾಗುತ್ತಿತ್ತು."

ನಾನು ಕಲಿತ ಕಸುಬು ಬೇರೆ ರೀತಿಯದು. 1879ರಲ್ಲಿ ನಟ ಹೆನ್ರಿ ಅರ್ವಿಂಗ್ ಲಂಡನ್ನಿನ ಲೈಸಿಯಮ್ ರಂಗಮಂದಿರದಲ್ಲಿ ಇದೇ ಶೈಲಾಕ್ ಪಾತ್ರ ಮಾಡಿದಾಗ, ಮಗಳು ಓಡಿಹೋದ ಮನೆಗೆ ಮರಳಿ ಬಂದು ಮಾತಿಲ್ಲದೆ ಕದ ತಟ್ಟುವ ದೃಶ್ಯವನ್ನು ತಾವೇ ಸೇರಿಸಿದರು. ಪಠ್ಯದಲ್ಲಿ ಇಲ್ಲದ ಆ ಮೌನ ಮೊದಲೇ ಗೊತ್ತುಮಾಡಿದ್ದು. ಅಂಥ ಮೌನಗಳನ್ನು ನಾವು ರಿಹರ್ಸಲ್‌ನಲ್ಲಿ ಬುಕ್ಕಿನಲ್ಲಿ ಗುರುತಿಸಿಕೊಳ್ಳುತ್ತೇವೆ. ಸುರುಳಿಯ ಕ್ರಮದಲ್ಲಿ ಮೌನ ಅಲ್ಲಿಯೇ ಹುಟ್ಟುತ್ತದೆ. ದಕ್ಷಿಣ ಕನ್ನಡದಲ್ಲಿ ತಾಳಮದ್ದಲೆ ಕೇಳುತ್ತಾ ಬೆಳೆದ ನನಗೆ ಇದು ತಿಳಿಯದೆ ಹೋದದ್ದೇ ಹೆಚ್ಚು ನೋವಿನ ಸಂಗತಿ. ಎದುರಿನ ಅರ್ಥಧಾರಿ ಏನು ಹೇಳುತ್ತಾನೆಂದು ತಿಳಿಯದೆ ಕುಳಿತವನು ಉತ್ತರಕ್ಕೆ ಮುನ್ನ ತಡೆದಾಗ, ಭಾಗವತರು ಅವನ ಮುಖ ನೋಡುತ್ತಾ ಕಾಯುವುದನ್ನು ಎಷ್ಟೋ ರಾತ್ರಿ ಕಂಡಿದ್ದೆ.

ಮರುದಿನ ಹಾಫ್ ಕಾಲ್‌ಗೆ (ಪ್ರದರ್ಶನಕ್ಕೆ ಸುಮಾರು ಅರ್ಧ ಗಂಟೆ ಮುಂಚಿನ ಕರೆಗೆ) ಮೊದಲು ಇಡೀ ಪುಸ್ತಕವನ್ನು ಮತ್ತೆ ಓದಿ, ಮರುಕಳಿಸುವ ಪ್ರತಿ ಕ್ಯೂವಿನ ಕೆಳಗೂ ಹಸಿರು ಪೆನ್ಸಿಲಿನಲ್ಲಿ ಗೆರೆ ಎಳೆದೆ. ಕುರ್ಚಿಯನ್ನು ಎರಡು ಅಡಿ ಮುಂದಕ್ಕೆ, ನಟರ ಮುಖ ಕಾಣುವಲ್ಲಿಗೆ ಹಾಕಿಸಿಕೊಂಡೆ. ಅಂದು ಎರಡನೆಯ 'ಲುಕ್ ಟು ಹಿಮ್' ಆದ ಮೇಲೆ ಆಂಟೋನಿಯೊ ಮತ್ತೆ ನಿಂತರು, ಹಿಂದಿನ ದಿನಕ್ಕಿಂತಲೂ ಹೆಚ್ಚು ಹೊತ್ತು. ನಾನು ಪುಸ್ತಕದ ಕಡೆ ನೋಡಲಿಲ್ಲ. ಅವರ ತುಟಿ ಅಲುಗಿತು, ಮಾತು ಬಂತು, ಮೊದಲ ಬಾರಿಗಿಂತ ಸಣ್ಣ ದನಿಯಲ್ಲಿ. ಶೋ ರಿಪೋರ್ಟಿನಲ್ಲಿ ಪ್ರಾಂಪ್ಟ್‌ಗಳ ಜಾಗದಲ್ಲಿ ಸೊನ್ನೆ ಬರೆದೆ.