ಒಂದೂ ಸೋಲದವನೇ ದೊಡ್ಡವನಾ?

ಆಷಾಢದಲ್ಲಿ ಚಿಕ್ಕಮಗಳೂರಿನ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಹೊರಗೆ ಕಾಲಿಡೋಕೆ ಬಿಡದ ಮಳೆ, ಕರೆಂಟೂ ಇಲ್ಲ. ಇಂಥ ದಿನ ಆ ಮನೆಯಲ್ಲಿ ಕಾಫಿ ರೇಟು ಬಿಟ್ಟು ಬೇರೆ ಮಾತು ಬರೋದು ಕಡಿಮೆ. ಆವತ್ತು ಮಾತ್ರ ಬಾಕ್ಸಿಂಗ್ ಬಂತು.

ಶುರು ಮಾಡಿದ್ದು ಚಿಕ್ಕಪ್ಪನ ಮಗ. ಹೊಸದಾಗಿ ಜಿಮ್‌ಗೆ ಸೇರಿದ್ದಾನೆ, ಮೊಬೈಲ್ ತುಂಬ ಅಮೆರಿಕದ ಬಾಕ್ಸರ್ ಫ್ಲಾಯ್ಡ್ ಮೇವೆದರ್. "50 ಫೈಟು, 50 ಗೆಲುವು. ಎಲ್ಲರಿಗಿಂತ ದೊಡ್ಡ ಬಾಕ್ಸರ್ ಅನ್ನೋಕೆ ಇನ್ನೇನು ಬೇಕಣ್ಣ?" ಅಂದ.

ಚಿಕ್ಕಪ್ಪ ಪೇಪರ್ ಮಡಚಿಟ್ಟರು. "ಲೋ, ಮುಹಮ್ಮದ್ ಅಲಿ ಮುಂದೆ ಅವನ್ಯಾರೋ?" ಅಂದವರೇ 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ನಡೆದ ಫೈಟಿಗೆ ಹೋದರು. ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಅಂದಿದ್ದಕ್ಕೆ ಅಲಿಯ ಪಟ್ಟ ಕಿತ್ತುಕೊಂಡರು, ಮೈಯಲ್ಲಿ ಕಸುವು ತುಂಬಿದ್ದ ವಯಸ್ಸಲ್ಲಿ ಮೂರು ವರ್ಷಕ್ಕೂ ಜಾಸ್ತಿ ರಿಂಗಿಗೇ ಬಿಡಲಿಲ್ಲ, ಅಷ್ಟಾದ ಮೇಲೂ 32ನೇ ವಯಸ್ಸಲ್ಲಿ ಆಗಿನ ಹೆವಿವೇಟ್ ಚಾಂಪಿಯನ್ ಜಾರ್ಜ್ ಫೋರ್‌ಮನ್‌ನಂಥವನನ್ನ ಎಂಟನೇ ಸುತ್ತಲ್ಲಿ ಕೆಡವಿದ. ಇದನ್ನ ಹೇಳುವಾಗ ಚಿಕ್ಕಪ್ಪನ ಕೈ ತಾನಾಗೇ ಮುಷ್ಟಿ ಕಟ್ಟುತ್ತೆ.

ನನ್ನ ಆಯ್ಕೆ ಇಬ್ಬರೂ ಅಲ್ಲ, ಶುಗರ್ ರೇ ರಾಬಿನ್ಸನ್. ಸುಮ್ನೆ ಹಳಬ ಅಂತ ಅಲ್ಲ. 1943ರ ಫೆಬ್ರವರಿ 5ಕ್ಕೆ ಜೇಕ್ ಲಮೋಟಾ ಕೈಲಿ ಸೋತ, ವೃತ್ತಿಪರನಾದ ಮೇಲೆ ಅದೇ ಮೊದಲ ಸೋಲು. ಎರಡು ವಾರಕ್ಕೆ ಇನ್ನೊಬ್ಬನ ಜೊತೆ ಆಡಿ ಗೆದ್ದ. ಅದೇ ಫೆಬ್ರವರಿ 26ಕ್ಕೆ ಲಮೋಟಾನನ್ನೇ ಸೋಲಿಸಿದ. ಒಂದೇ ತಿಂಗಳು! ಆಮೇಲೆ 1951ರವರೆಗೆ ಅವನನ್ನ ಸೋಲಿಸಿದವರೇ ಇಲ್ಲ. ಈಗಿನ ಚಾಂಪಿಯನ್ನರು ವರ್ಷಕ್ಕೆ ಒಂದೆರಡು ಆಡಿದರೆ ಹೆಚ್ಚು, ಅದೂ ಎದುರಾಳಿಯನ್ನ ಅಳೆದು ತೂಗಿ. ಮೇವೆದರ್ ಡಿಫೆನ್ಸ್ ಅದ್ಭುತ, ಅದನ್ನ ಒಪ್ಪಲೇಬೇಕು. ಆದರೆ ಅವನ 50ನೇ ಫೈಟಿನ ಎದುರಾಳಿ ಕಾನರ್ ಮೆಗ್ರೆಗರ್ 2017ರಲ್ಲಿ ಆಡಿದ್ದು ವೃತ್ತಿಪರ ಬಾಕ್ಸಿಂಗ್‌ನಲ್ಲಿ ತನ್ನ ಮೊದಲ ಫೈಟು. ರಾಕಿ ಮಾರ್ಸಿಯಾನೋ ಕೂಡ 49ಕ್ಕೆ 49 ಗೆದ್ದವನೇ, ಆದರೆ ಅವನ ಕೈಗೆ ಹಳೇ ಚಾಂಪಿಯನ್ ಜೋ ಲೂಯಿಸ್ ಸಿಕ್ಕಿದ್ದು ಲೂಯಿಸ್‌ಗೆ 37 ಆದಾಗ. ಸೊನ್ನೆ ಸೋಲು ಅನ್ನೋ ಲೆಕ್ಕದಲ್ಲಿ ಇದೆಲ್ಲ ಎಲ್ಲಿ ಕಾಣುತ್ತೆ?

ಅಷ್ಟರಲ್ಲಿ ಚಿಕ್ಕಮ್ಮ ಅಡುಗೆಮನೆಯಿಂದಲೇ ಕೇಳಿದರು, "ಮೇರಿ ಕೋಮ್ ಯಾಕೆ ಬರಲಿಲ್ಲ ನಿಮ್ಮ ಲಿಸ್ಟಲ್ಲಿ?"

ಮೂವರೂ ಸುಮ್ಮನಾದೆವು. ಅವಳಿ ಮಕ್ಕಳ ತಾಯಿಯಾದ ಮರುವರ್ಷ, 2008ರಲ್ಲಿ, ಮತ್ತೆ ವಿಶ್ವ ಚಾಂಪಿಯನ್ ಆದವರು ಅವರು. ಆರನೇ ವಿಶ್ವ ಚಿನ್ನ ಬಂದಿದ್ದು 2018ರಲ್ಲಿ, ಆಗ ವಯಸ್ಸು 35 ದಾಟಿತ್ತು. ಮೇರಿ ಆಡಿದ್ದು ಅಮೆಚೂರ್, ಅದು ಬೇರೆ, ಪ್ರೊಫೆಷನಲ್ ಬೇರೆ ಅಂತ ತಮ್ಮ ಏನೋ ಶುರು ಮಾಡಿದ. ಚಿಕ್ಕಮ್ಮ ಕಡುಬಿನ ತಟ್ಟೆ ತಂದು ಕುಕ್ಕಿದ ರೀತಿಗೆ ಬಾಯಿ ಮುಚ್ಚಿದ.

ಸಂಜೆ ಕರೆಂಟ್ ಬಂದ ಮೇಲೆ ಅವನಿಗೆ ರಾಬಿನ್ಸನ್ನಿನ 1957ರ ವಿಡಿಯೋ ತೋರಿಸಿದೆ. ಜನವರಿಯಲ್ಲಿ ತನ್ನನ್ನ ಸೋಲಿಸಿದ್ದ ಜೀನ್ ಫುಲ್‌ಮರ್‌ನನ್ನ ಮೇ ತಿಂಗಳಲ್ಲಿ ಎಡಗೈಯ ಒಂದೇ ಹುಕ್‌ಗೆ ಮಲಗಿಸಿದ್ದು. ಹಿಂದೆ ಮುಂದೆ ಎಳೆದು ಎಳೆದು ನೋಡಿದ. "ಪರವಾಗಿಲ್ಲ ಬಿಡಣ್ಣ, ಎರಡನೇ ಜಾಗ ಕೊಡ್ತೀನಿ" ಅಂದ. ಚಿಕ್ಕಪ್ಪನ ಲಿಸ್ಟಲ್ಲಿ ಅಷ್ಟೂ ಸಿಗಲಿಲ್ಲ.