ಪಣಂಬೂರಿನ ಹೊಗೆ, ಆಗುಂಬೆಯ ಕಲ್ಲುಹೂ

ಜನವರಿ ಎರಡನೇ ವಾರ, ಬೆಳಿಗ್ಗೆ ಆರೂವರೆ. ಮಂಗಳೂರಿನ ಪಣಂಬೂರು ಕಡಲತೀರದಿಂದ ನೋಡಿದರೆ ಬಂದರಿನ ಕ್ರೇನುಗಳು ಬೂದು ಬಣ್ಣದಲ್ಲಿ ಅದ್ದಿ ತೆಗೆದ ಹಾಗಿವೆ. ಮಂಜು ಅನ್ನುವವರೇ ಹೆಚ್ಚು, ಆದರೆ ಅದರಲ್ಲಿ ಹೊಗೆಯ ಪಾಲೂ ಇದೆ. ಚಳಿಗಾಲದ ರಾತ್ರಿ ನೆಲ ಬೇಗ ತಣಿಯುತ್ತದೆ. ಅದಕ್ಕೆ ತಾಗಿದ ಗಾಳಿ ತಣ್ಣಗೆ, ಭಾರವಾಗಿ ಕೆಳಗೇ ಕೂರುತ್ತದೆ, ಮೇಲೆ ಬೆಚ್ಚನೆಯ ಗಾಳಿಯ ಮುಚ್ಚಳ. ಲಾರಿ, ಕಾರ್ಖಾನೆ, ಬಚ್ಚಲ ಒಲೆ, ತರಗೆಲೆಯ ಬೆಂಕಿ ಎಲ್ಲದರ ಹೊಗೆ ಆ ಮುಚ್ಚಳದಡಿ ಸಿಕ್ಕಿಕೊಳ್ಳುತ್ತದೆ. ರಾತ್ರಿಯ ನೆಲಗಾಳಿ ಅದನ್ನು ಕಡಲಿಗೆ ತಳ್ಳುತ್ತದೆ, ಹತ್ತು ಹನ್ನೊಂದರ ಸುಮಾರಿಗೆ ಕಡಲಗಾಳಿ ಎದ್ದು ಅದರಲ್ಲಿ ಒಂದಷ್ಟನ್ನು ವಾಪಸು ತರುತ್ತದೆ. ಕಡಲ ಪಕ್ಕದ ಊರಿಗೆ ಹೊಗೆಯ ಚಿಂತೆಯಿಲ್ಲ ಎಂಬ ಮಾತು ಮಳೆಗಾಲಕ್ಕೆ ಸರಿ, ಜನವರಿಗೆ ಸಲ್ಲದು.

ಕರಾವಳಿಯ ಈ ಗಾಳಿಗೂ ಘಟ್ಟದ ಗಾಳಿಗೂ ಇರುವ ವ್ಯತ್ಯಾಸ ನೋಡಲು ಹೊರಟರೆ, ಪಣಂಬೂರಿನಿಂದ ಆಗುಂಬೆಗೆ ಉಡುಪಿ, ಮಣಿಪಾಲ, ಹೆಬ್ರಿ ದಾರಿಯಲ್ಲಿ ನೂರು ಕಿಲೋಮೀಟರಿನ ಆಸುಪಾಸು. ದೂಳಿನ ಕಣ ಅಳೆಯುವ ಕೈಯಂತ್ರ ಜೊತೆಗಿದ್ದರೆ ಒಳ್ಳೆಯದು, ಆದರೆ ಬಳಸುವ ಕ್ರಮ ಗೊತ್ತಿರಬೇಕು. ಎಂಜಿನ್ ಆರಿಸಿ, ರಸ್ತೆಯಿಂದ ಇಪ್ಪತ್ತು ಮೂವತ್ತು ಹೆಜ್ಜೆ ಒಳಗೆ ಹೋಗಿ, ಮೊದಲ ಎರಡು ಮೂರು ನಿಮಿಷದ ಅಂಕಿ ಬಿಟ್ಟು, ಮುಂದಿನ ಹತ್ತು ನಿಮಿಷದ ಸರಾಸರಿ ತೆಗೆಯಬೇಕು. ನಮ್ಮ ದೇಶದ ಮಾನದಂಡದಲ್ಲಿ ಪಿಎಂ 2.5, ಅಂದರೆ 2.5 ಮೈಕ್ರಾನಿಗಿಂತ ಸಣ್ಣ ಕಣ, ದಿನದ ಸರಾಸರಿ ಘನಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಅವು ದಿನದ ಲೆಕ್ಕ, ಹತ್ತು ನಿಮಿಷದ ಅಂಕಿಯನ್ನು ಅದರ ಪಕ್ಕ ಇಟ್ಟು ಗಾಬರಿಯಾಗುವುದು ಬೇಡ.

ಪಡುಬಿದ್ರಿ ಹತ್ತಿರ ಬಲಕ್ಕೆ ಉಷ್ಣವಿದ್ಯುತ್ ಸ್ಥಾವರದ ಚಿಮಣಿ. ತಲಾ 600 ಮೆಗಾವ್ಯಾಟಿನ ಎರಡು ಘಟಕ, ಹೊರದೇಶದ ಕಲ್ಲಿದ್ದಲು. ಕಲ್ಲಿದ್ದಲು ಉರಿದಾಗ ಬರುವ ಗಂಧಕದ ಅನಿಲ ಗಾಳಿಯಲ್ಲಿ ಸಲ್ಫೇಟ್ ಕಣವಾಗಿ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಭೂಮಿಯನ್ನು ತುಸು ತಣಿಸುತ್ತದೆ. ಮಸಿ ಇದಕ್ಕೆ ತದ್ವಿರುದ್ಧ, ಬಿಸಿಲು ಹೀರಿ ಗಾಳಿಯನ್ನು ಕಾಯಿಸುತ್ತದೆ. ಎರಡೂ ಗಾಳಿಯಲ್ಲಿ ಉಳಿಯುವುದು ಕೆಲವು ದಿನ, ಹೆಚ್ಚೆಂದರೆ ಎರಡು ವಾರ. ಅದೇ ಚಿಮಣಿಯ ಕಾರ್ಬನ್ ಡೈಆಕ್ಸೈಡ್ ಮಾತ್ರ ಶತಮಾನಗಳ ಬಾಬ್ತು.

ಕಟಪಾಡಿಯಲ್ಲಿ ಬಲಕ್ಕೆ ತಿರುಗಿದರೆ ಮಲ್ಲಿಗೆಯ ಶಂಕರಪುರ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು, ಹೂವಿಗಲ್ಲ, ಸುಡುಮಣ್ಣಿಗೆ. ಕರಾವಳಿಯ ಮಲ್ಲಿಗೆ, ತರಕಾರಿಗೆ ಇದು ಹಳೆಯ ಗೊಬ್ಬರ. ತರಗೆಲೆ, ಕಡ್ಡಿ, ತೆಂಗಿನ ಸೋಗೆ ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಒಂದು ಬದಿಯಿಂದ ಬೆಂಕಿ ಕೊಡುತ್ತಾರೆ. ಜ್ವಾಲೆ ಏಳಬಾರದು, ಒಳಗೊಳಗೇ ಎರಡು ಮೂರು ದಿನ ಬೇಯಬೇಕು. ಕಳೆಯ ಬೀಜ, ಗೆದ್ದಲು ಸಾಯುತ್ತವೆ, ಬೂದಿಯ ಪೊಟ್ಯಾಶ್ ಉಳಿಯುತ್ತದೆ. ಹೋಗುವುದೇನು? ಎಲೆಯ ಸಾರಜನಕ ಬಹುಪಾಲು ಗಾಳಿಗೆ, ಮಣ್ಣಿನ ಜೀವಾಂಶವೂ ಅದರ ಹಿಂದೆಯೇ. ಗಾಳಿ ಸಾಲದೆ ಬೇಯುವುದರಿಂದ ದಪ್ಪ ಬಿಳಿ ಹೊಗೆ. ಅದರಲ್ಲಿ ಸೂಕ್ಷ್ಮ ಕಣ, ಕಾರ್ಬನ್ ಮಾನಾಕ್ಸೈಡ್, ಮೀಥೇನ್ ಎಲ್ಲ ಇವೆ. ಇದನ್ನು ಹಚ್ಚುವ ತಿಂಗಳೂ ಹೊಗೆ ಮೇಲೇರದ ಈ ಡಿಸೆಂಬರ್–ಫೆಬ್ರವರಿಯೇ.

ಅದೇ ಕಸವನ್ನು ಬೇರೆ ರೀತಿ ಸುಡಬಹುದು. ಬೋಗುಣಿಯಾಕಾರದ ಗುಂಡಿ ತೆಗೆದು, ಒಣ ಕಡ್ಡಿ ಪೇರಿಸಿ, ಬೆಂಕಿಯನ್ನು ಮೇಲಿನಿಂದ ಕೊಡಬೇಕು. ಮೇಲ್ಪದರದಲ್ಲಿ ಬಿಳಿ ಬೂದಿ ಕಾಣಿಸುವಷ್ಟರಲ್ಲಿ ಮುಂದಿನ ಪದರ. ಕೆಳಗಿನ ಹೊಗೆ ಮೇಲಿನ ಜ್ವಾಲೆಯಲ್ಲೇ ಉರಿದುಹೋಗುತ್ತದೆ. ಗುಂಡಿ ತುಂಬಿದ ಮೇಲೆ ನೀರು ಸುರಿದು ಪೂರ್ತಿ ಆರಿಸಿದರೆ ಉಳಿಯುವುದು ಇದ್ದಿಲು. ನೀರು ಕಮ್ಮಿಯಾಯಿತೋ, ಬೆಳಗಾಗುವಾಗ ಬರೀ ಬೂದಿ. ಹಸಿ ಸೊಪ್ಪು ಹಾಕಿದರೆ ಇಲ್ಲೂ ಹೊಗೆಯೇ. ಇದ್ದಿಲನ್ನು ನೇರವಾಗಿ ಗಿಡದ ಬುಡಕ್ಕೆ ಹಾಕದೆ ಹಟ್ಟಿಗೊಬ್ಬರದಲ್ಲಿ ಕೆಲವು ವಾರ ಬೆರೆಸಿಟ್ಟು ಹಾಕಬೇಕು, ಇಲ್ಲವಾದರೆ ಮಣ್ಣಿನ ಸಾರವನ್ನು ಅದೇ ಮೊದಲು ಹೀರಿಕೊಳ್ಳುತ್ತದೆ.

ಮಣಿಪಾಲ ಬಿಟ್ಟು ಹಿರಿಯಡ್ಕ, ಪೆರ್ಡೂರು ದಾರಿ ಹಿಡಿದರೆ ಬೈಲುಗಳಲ್ಲಿ ಸುಗ್ಗಿ, ಅಂದರೆ ಚಳಿಗಾಲದ ಭತ್ತದ ಬೆಳೆ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಆಮ್ಲಜನಕವಿಲ್ಲ, ಅಲ್ಲಿನ ಸೂಕ್ಷ್ಮಜೀವಿಗಳು ಮೀಥೇನ್ ಉಗುಳುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡಿನ ಸುಮಾರು 27 ಪಟ್ಟು ಬಿಸಿ ಹಿಡಿಯುತ್ತದೆ. ಗದ್ದೆಯನ್ನು ಆಗಾಗ ಒಣಗಿಸಿ ನೀರು ಕಟ್ಟುವ ಕ್ರಮ ಇದಕ್ಕೆ ಮದ್ದು. ತೂತು ಕೊರೆದ 30 ಸೆಂಟಿಮೀಟರಿನ ಪೈಪನ್ನು ಕೆಸರಲ್ಲಿ ಹೂತು, ಒಳಗಿನ ನೀರು ಮಣ್ಣಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದಾಗ ಮತ್ತೆ ನೀರು ಬಿಡುವುದು. ತೆನೆ ಹೂಬಿಡುವ ವಾರ ಮಾತ್ರ ಒಣಗಿಸಬಾರದು, ಜೊಳ್ಳಾಗುತ್ತದೆ. ಪುಸ್ತಕದಲ್ಲಿ ಬರೆಯದ ಸಂಗತಿಯೊಂದಿದೆ: ನಮ್ಮ ಏಣಿಲಿನಲ್ಲಿ, ಅಂದರೆ ಮಳೆಗಾಲದ ಬೆಳೆಯಲ್ಲಿ, ಇದು ನಡೆಯದ ಮಾತು. ಆಟಿ ತಿಂಗಳ ಮಳೆಯಲ್ಲಿ ಗದ್ದೆ ಒಣಗಿಸುವವರು ಯಾರು? ಸುಗ್ಗಿಗೆ, ಬೇಸಿಗೆಯ ಕೊಳಕೆ ಬೆಳೆಗಷ್ಟೇ ಇದು ಹೊಂದುತ್ತದೆ.

ಹೆಬ್ರಿಯತ್ತ ಹೋದಂತೆ ರಸ್ತೆಬದಿಯ ಹಸಿರಿನಲ್ಲಿ ವ್ಯತ್ಯಾಸ ಕಾಣಬೇಕು. ಜನವರಿಯಲ್ಲಿ ರಬ್ಬರ್ ಎಲೆ ಉದುರಿಸುತ್ತಿರುತ್ತದೆ, ಗುಡ್ಡ ಕೆಂಪಗೆ, ಬೋಳುಬೋಳಾಗಿ ತೋರುತ್ತದೆ. ಅದರ ಆಚೆ ಸಾಲು ಹಿಡಿದು ನಿಂತ ಅಕೇಶಿಯಾ. ಮುರಕಲ್ಲಿನ ಪದವಿನಲ್ಲೂ, ಅಂದರೆ ಕೆಂಪುಕಲ್ಲಿನ ಎತ್ತರದ ಬಯಲಿನಲ್ಲೂ, ಬೇಗ ಬೆಳೆಯುತ್ತದೆ ನಿಜ, ಆದರೆ ಕೆಲವೇ ವರ್ಷಕ್ಕೆ ಕಡಿದು ಸೌದೆಗೋ ಪಲ್ಪಿಗೋ ಹೋದರೆ ಹಿಡಿದಿಟ್ಟ ಇಂಗಾಲ ಬಂದ ದಾರಿಗೇ ಸುಂಕವಿಲ್ಲದೆ ವಾಪಸು. ಒಂದು ಟನ್ ಒಣ ಮರದಲ್ಲಿ ಸುಮಾರು 470 ಕಿಲೋ ಇಂಗಾಲ, ಸುಟ್ಟರೆ 1.7 ಟನ್ ಕಾರ್ಬನ್ ಡೈಆಕ್ಸೈಡ್. ಈ ಪದವು ಬಯಲನ್ನು ಬಂಜರು ಎಂದು ಕರೆದು ಗಿಡ ತುರುಕುವುದೂ ತಪ್ಪು ಲೆಕ್ಕವೇ. ಹುಲ್ಲು, ಮಳೆಗಾಲದ ನೀರಹೊಂಡ, ಅದರ ಹೂಗಿಡಗಳು ಅಲ್ಲಿನ ಸ್ವಂತ ಆಸ್ತಿ. ಗಾಳಿಯ ವಿಚಾರದಲ್ಲೂ ಮರವೆಂದರೆ ಬರೀ ಜರಡಿಯಲ್ಲ. ಎಷ್ಟೋ ಮರಗಳು ಬಿಸಿಲಲ್ಲಿ ಐಸೋಪ್ರೀನ್, ಟರ್ಪೀನ್ ಎಂಬ ಆವಿಗಳನ್ನು ಬಿಡುತ್ತವೆ. ಅದು ವಾಹನದ ನೈಟ್ರೋಜನ್ ಆಕ್ಸೈಡಿನ ಜೊತೆ ಸೇರಿದರೆ ನೆಲಮಟ್ಟದಲ್ಲಿ ಓಝೋನ್. ಓಝೋನ್ ಎಲೆಯೊಳಗೆ ಹೊಕ್ಕು ಅದರ ಆಹಾರ ತಯಾರಿಕೆಯನ್ನೇ ಕುಗ್ಗಿಸುತ್ತದೆ, ಆಗ ಕಾಡು ಹೀರುವ ಇಂಗಾಲವೂ ಕಮ್ಮಿ.

ಸೋಮೇಶ್ವರದಿಂದ ಘಾಟಿ, ಹದಿನಾಲ್ಕು ತಿರುವು. ಈ ಸೋಮೇಶ್ವರ ಅಭಯಾರಣ್ಯ, ಆಗುಂಬೆ ಕಾಡು 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಸೇರಿವೆ. ಇಲ್ಲಿ ಮರದ ಸುತ್ತಳತೆ ತೆಗೆಯುವವರು ಎದೆಮಟ್ಟ, ಅಂದರೆ 1.37 ಮೀಟರ್ ಎತ್ತರದಲ್ಲಿ ಟೇಪು ಹಿಡಿಯುತ್ತಾರೆ. ಹಲಗೆಯಂಥ ಬೇರು ಎದ್ದ ಮರಕ್ಕೆ ಹಾಗೇ ಹಿಡಿದರೆ ಇಂಗಾಲದ ಲೆಕ್ಕ ಎಲ್ಲಿಗೋ ಹೋಗುತ್ತದೆ, ಬೇರು ಮುಗಿದ ಮೇಲಿನ ಜಾಗದಲ್ಲಿ ಅಳೆಯಬೇಕು.

ಮೇಲೆ ಆಗುಂಬೆ, ಜಿಲ್ಲೆ ಶಿವಮೊಗ್ಗ. ಮಂಜು ಬಿದ್ದಿದ್ದರೆ ಕೈಯಂತ್ರ ಚೀಲದಲ್ಲೇ ಇರಲಿ. ನೀರಹನಿಯನ್ನೂ ದೂಳೆಂದು ಎಣಿಸಿ ಪಣಂಬೂರಿಗಿಂತ ದೊಡ್ಡ ಅಂಕಿ ತೋರಿಸಿದರೂ ಆಶ್ಚರ್ಯವಿಲ್ಲ. ಇಲ್ಲಿ ನಂಬಬಹುದಾದ ಮಾಪಕ ಮರದ ತೊಗಟೆಯಲ್ಲಿದೆ: ಕಲ್ಲುಹೂ. ಮಸಾಲೆಗೆ ಹುರಿಯುವ ಕಲ್ಲುಹೂವಿನ ಬಳಗದ್ದೇ. ಶಿಲೀಂಧ್ರ, ಪಾಚಿ ಕೂಡಿ ಬಾಳುವ ಇದಕ್ಕೆ ಬೇರಿಲ್ಲ, ಮೇಣದ ಹೊದಿಕೆಯಿಲ್ಲ. ಗಾಳಿ ಮಳೆಯಲ್ಲಿ ಏನಿದೆಯೋ ಅದನ್ನೇ ಕುಡಿಯುತ್ತದೆ, ಗಂಧಕದ ಅನಿಲ ಹೆಚ್ಚಾದರೆ ಮೊದಲು ಸಾಯುತ್ತದೆ. ಪೇಟೆಯ ಮಾವಿನ ಮರದಲ್ಲಿ ಸುಣ್ಣ ಎರಚಿದಂಥ ಚಪ್ಪಟೆ ಕಲೆಗಳಷ್ಟೇ. ಇಲ್ಲಿ ಎಲೆಯಂತೆ ಅಂಚು ಎತ್ತಿ ನಿಂತವು, ಗಡ್ಡದಂತೆ ಕೊಂಬೆಯಿಂದ ಜೋತವು. ಒಣಗಿದಾಗ ಬೂದು, ಬಾಟಲಿ ನೀರು ಎರಡು ಹನಿ ಬಿಟ್ಟರೆ ನೋಡನೋಡುತ್ತಲೇ ಹಸಿರಾಗುತ್ತದೆ. ಕೀಳುವುದು ಬೇಡ, ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್.

ಸಂಜೆ ಸೂರ್ಯಾಸ್ತದ ಕಟ್ಟೆಯಿಂದ ಪಡುವಣಕ್ಕೆ ನೋಡಿದರೆ ಕೆಳಗಿನ ಬಯಲಿನ ಮೇಲೆ ಕಂದು ಬಣ್ಣದ ಪಟ್ಟಿ, ಅದರೊಳಗೆ ಇಳಿಯುವ ಸೂರ್ಯ ಕಡಲು ಮುಟ್ಟುವ ಮೊದಲೇ ಮಾಯ. ಕತ್ತಲಾಗುವ ಮುಂಚೆ ಘಾಟಿ ಇಳಿಯುವುದು ವಾಸಿ. ಹೆಬ್ರಿ ಮುಟ್ಟುವಷ್ಟರಲ್ಲಿ ಕಡಲಗಾಳಿ ನಿಂತಿರುತ್ತದೆ. ಇನ್ನೊಂದಿಷ್ಟು ಹೊತ್ತಿಗೆ ನೆಲಗಾಳಿ ಶುರುವಾಗಿ, ಶಂಕರಪುರದ ಸುಡುಮಣ್ಣಿನ ಹೊಗೆ ಪಡುವಣಕ್ಕೆ ವಾಲುತ್ತದೆ.