ಕೆಂಪು ನೀರಿನ ಲೆಕ್ಕ

ಸಂಚಿಕೆಯ ಸಂಪಾದಕರು ಫೋನ್ ಮಾಡಿ, "ಕಾಲೇಜಿನ ದಿನಗಳ ಬಗ್ಗೆ ಬರೆಯಿರಿ ಮೇಡಂ, ತುಂಗೆಯ ದಂಡೆ, ಹಾಸ್ಟೆಲ್ಲು, ಗೆಳತಿಯರು, ಹೀಗೆ ಏನಾದರೂ" ಎಂದರು. ತುಂಗೆಯ ದಂಡೆಯ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲವರು ಶಿವಮೊಗ್ಗದಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಹಾಸ್ಟೆಲಿನ ಉಪ್ಪಿಟ್ಟಿನ ಬಗ್ಗೆ ಬರೆಯದಿರುವುದೇ ಮೇಲು. ಕಣ್ಣು ಮುಚ್ಚಿದರೆ ನನಗೆ ಕಾಣುವುದು ಪ್ರೊಸೆಸ್ ಕಂಟ್ರೋಲ್ (ಕಾರ್ಖಾನೆಯಲ್ಲಿ ಬಿಸಿ, ಒತ್ತಡ, ಹರಿವುಗಳನ್ನು ಹದದಲ್ಲಿಡುವ ವಿದ್ಯೆ) ವಿಷಯಕ್ಕೆ ನಮ್ಮ ಮೇಷ್ಟ್ರು ಹಂಚುತ್ತಿದ್ದ ಸೈಕ್ಲೋಸ್ಟೈಲ್ ಹಾಳೆಗಳು. ಶಾಯಿ ಆರಿರುತ್ತಿರಲಿಲ್ಲ, ಬೆರಳಿಗೆಲ್ಲ ಕಪ್ಪು. ಒಂದೊಂದು ಹಾಳೆಯಲ್ಲಿ ನಾಲ್ಕೈದು ಲೆಕ್ಕ.

ಮೇಷ್ಟ್ರ ಹೆಸರು ಬರೆಯುವುದಿಲ್ಲ. ನಿವೃತ್ತರಾಗಿ ತೋಟ ನೋಡಿಕೊಂಡಿರುವ ಅವರಿಗೆ ಅಚ್ಚಿನಲ್ಲಿ ತಮ್ಮ ಹೆಸರು ಕಂಡರೆ ಮೈಯುರಿ. ಆ ಹಾಳೆಗಳಿಂದ ಬೆರಳು ಕಪ್ಪು ಮಾಡಿಕೊಂಡವರಿಗೆಲ್ಲ ಯಾರೆಂದು ಗೊತ್ತಾಗುತ್ತದೆ.

ಪಠ್ಯಪುಸ್ತಕದಲ್ಲೂ ಅಭ್ಯಾಸದ ಲೆಕ್ಕಗಳಿದ್ದವು. ಫ್ಯಾರನ್‌ಹೀಟು, ಪೌಂಡು, ಘನ ಅಡಿ. ಯಾವುದೋ ದೇಶದ ಯಾವುದೋ ತೊಟ್ಟಿಗೆ ಯಾವುದೋ ದ್ರವ ಬೀಳುತ್ತಿರುತ್ತದೆ. ನಾವು ಸೂತ್ರಕ್ಕೆ ಅಂಕಿ ತುಂಬಿ, ಹಿಂದಿನ ಪುಟದ ಉತ್ತರಕ್ಕೆ ತಾಳೆ ನೋಡಿ, ಪುಸ್ತಕ ಮಡಚುತ್ತಿದ್ದೆವು. ಮೇಷ್ಟ್ರ ಹಾಳೆಯಲ್ಲಿ ಉತ್ತರ ಇರುತ್ತಿರಲಿಲ್ಲ. ತೊಟ್ಟಿಯ ಜಾಗದಲ್ಲಿ ಬಚ್ಚಲ ಹಂಡೆ, ದ್ರವದ ಜಾಗದಲ್ಲಿ ಅಡಿಕೆ ಬೇಯಿಸಿದ ಚೊಗರು. ಸಮೀಕರಣ ಬರೆಯುವ ಮೊದಲು ಒಂದು ಸಾಲು ಕನ್ನಡದಲ್ಲಿ ಬರೆಯಬೇಕು ಎಂಬುದು ಅವರ ಕಟ್ಟಪ್ಪಣೆ: ಬಂದದ್ದೇನು, ಹೋದದ್ದೇನು, ಒಳಗೆ ಉಳಿದದ್ದೇನು. ಆ ಸಾಲು ಇಲ್ಲದಿದ್ದರೆ ಕೆಳಗಿನ ಎರಡು ಪುಟ ಲಾಪ್ಲಾಸ್ ಗಣಿತಕ್ಕೆ ಸೊನ್ನೆ.

ಮೊದಲ ಲೆಕ್ಕ ನನಗೆ ಈಗಲೂ ಬಾಯಿಪಾಠ. ಬಚ್ಚಲ ಹಂಡೆಯಲ್ಲಿ 60 ಲೀಟರ್ ನೀರು. ಅಬ್ಬಿಯ (ಗುಡ್ಡದ ಒರತೆಯ) ನೀರು ನಿಮಿಷಕ್ಕೆ 6 ಲೀಟರಿನಂತೆ 20 ಡಿಗ್ರಿಯಲ್ಲಿ ಬಂದು ಬೀಳುತ್ತದೆ, ಅಷ್ಟೇ ನೀರು ಇನ್ನೊಂದು ಕಡೆಯಿಂದ ಹೊರಗೆ ಹರಿಯುತ್ತದೆ. ಒಲೆಯಿಂದ 8.4 ಕಿಲೋವ್ಯಾಟ್ ಶಾಖ ನೀರಿಗೆ ಸೇರುತ್ತಿದೆ. ಎರಡು ಸೌದೆ ಹೆಚ್ಚು ತಳ್ಳಿದ್ದರಿಂದ ಶಾಖ 2.1 ಕಿಲೋವ್ಯಾಟ್ ಏರಿತು. ನೀರು ಎಷ್ಟು ಬಿಸಿಯಾಗುತ್ತದೆ, ಎಷ್ಟು ಹೊತ್ತಿಗೆ?

"ಹರಿಯುವ ಹಂಡೆ ಎಲ್ಲಾದರೂ ಉಂಟೇ ಸಾರ್?" ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. "ನಿನ್ನ ಮದುವೆಗೆ ಮಾಡಿಸಿಕೊಡುತ್ತೇನೆ, ಈಗ ಲೆಕ್ಕ ಮಾಡು" ಎಂದರು.

ಸೌದೆ ತಳ್ಳುವ ಮೊದಲು ನೀರು 40 ಡಿಗ್ರಿಯಲ್ಲಿ ನಿಂತಿರುತ್ತದೆ, ಕಡೆಗೆ 45ಕ್ಕೆ ಹೋಗಿ ನಿಲ್ಲುತ್ತದೆ. ಅರವತ್ತನ್ನು ಆರರಿಂದ ಭಾಗಿಸಿದರೆ ಟೈಮ್ ಕಾನ್‌ಸ್ಟಂಟ್, ಅಂದರೆ ಬದಲಾವಣೆಗೆ ಹಂಡೆ ಎಷ್ಟು ನಿಧಾನವಾಗಿ ಓಗೊಡುತ್ತದೆ ಎಂಬುದರ ಅಳತೆ, ಹತ್ತು ನಿಮಿಷ. ಹತ್ತು ನಿಮಿಷಕ್ಕೆ ಆ ಐದು ಡಿಗ್ರಿಯಲ್ಲಿ ಶೇ. 63.2 ಭಾಗ, ಅಂದರೆ 3.16 ಡಿಗ್ರಿ ಏರಿರುತ್ತದೆ. ಮೂವತ್ತು ನಿಮಿಷಕ್ಕೆ ಶೇ. 95. ಇಷ್ಟು ಯಾವ ಪುಸ್ತಕದಲ್ಲಾದರೂ ಸಿಕ್ಕೀತು. ಮೇಷ್ಟ್ರ ಚೇಷ್ಟೆ ಇದ್ದದ್ದು ಲೆಕ್ಕದ ಬಾಲದಲ್ಲಿ: ಹಂಡೆ 20 ಕೆ.ಜಿ. ತಾಮ್ರದ್ದು, ತಾಮ್ರವೂ ಕಾಯಬೇಕಲ್ಲ, ಈಗ ಹೇಳು. ನಾವು ಪಾಪದವರು, ಎರಡನೆಯ ಸಮೀಕರಣ ಹೂಡಿ ಪುಟಗಟ್ಟಲೆ ಗೀಚಿದೆವು. ಅಷ್ಟು ತಾಮ್ರ ಹಿಡಿದಿಡುವ ಶಾಖ ಆ ನೀರು ಹಿಡಿದಿಡುವುದರ ಶೇ. 3 ಮಾತ್ರ, ಬಿಟ್ಟರೆ ನಷ್ಟವಿಲ್ಲ ಎಂಬುದೇ ಉತ್ತರ. ಬಿಡಬಹುದಾದದ್ದನ್ನು ಬಿಡಲೂ ಲೆಕ್ಕ ಬೇಕು ಎಂದು ತಿಳಿಯಲು ನನಗೆ ಒಂದು ಭಾನುವಾರ ಪೂರ್ತಿ ಹಿಡಿಯಿತು.

ನಡುವಿನ ಹಾಳೆಗಳನ್ನು ಬೇಗ ದಾಟುತ್ತೇನೆ. ಮ್ಯಾನೊಮೀಟರಿನ ಓಲಾಟ, ಒಂದಕ್ಕೊಂದು ತಾಗಿದ ಎರಡು ತೊಟ್ಟಿ, ಬೋಡೆ ನಕ್ಷೆ ಎಲ್ಲವೂ ಇದ್ದವು. ಒಂದು ಸಂಖ್ಯೆಯನ್ನು ಮಾತ್ರ ಹೇಳದೆ ಹೋಗಲಾರೆ, ಎಂಟು. ಒಂದೇ ಟೈಮ್ ಕಾನ್‌ಸ್ಟಂಟ್ ಇರುವ ಮೂರು ತೊಟ್ಟಿ ಸಾಲಾಗಿ, ಕೊನೆಯದನ್ನು ನೋಡಿ ಮೊದಲನೆಯದರ ಒಲೆ ಸರಿಮಾಡುವ ಪ್ರೊಪೋರ್ಷನಲ್ ನಿಯಂತ್ರಕ, ಅಂದರೆ ಬಿಸಿ ಎಷ್ಟು ಕಡಿಮೆಯೋ ಅಷ್ಟಕ್ಕೆ ತಕ್ಕಂತೆ ಉರಿ ಏರಿಸುವ ಸಾಧನ. ಗೇನ್, ಅಂದರೆ ಕೊರತೆಗೆ ಅದು ಎಷ್ಟು ಜೋರಾಗಿ ಓಗೊಡುತ್ತದೆ ಎಂಬುದನ್ನು, ಎಲ್ಲಿಯವರೆಗೆ ಏರಿಸಬಹುದು? ಸ್ಥಿಮಿತ ಎಲ್ಲಿ ತಪ್ಪುತ್ತದೆಂದು ತೋರಿಸುವ ರೌತ್ ಕೋಷ್ಟಕ ಹಾಕಿದರೆ ಒಟ್ಟು ಗೇನ್ ಎಂಟಕ್ಕೆ ಬಂದಾಗ ಕುಣಿತ ಶುರು, ಅಂದರೆ ಬಿಸಿ ನಿಲ್ಲದೆ ಏರಿಳಿಯುತ್ತದೆ. ತೊಟ್ಟಿ ಲೋಟದಷ್ಟಿರಲಿ, ಕೆರೆಯಷ್ಟಿರಲಿ, ಎಂಟೇ. ಕುಣಿತ ನಿಧಾನವಾಗಬಹುದು, ಎಂಟು ಬದಲಾಗುವುದಿಲ್ಲ. ಇನ್ನೂ ತಮಾಷೆಯೆಂದರೆ, ಆ ಅಂಚಿನವರೆಗೆ ಹೋದರೂ ಬಯಸಿದ ಬಿಸಿಯಲ್ಲಿ ಒಂಬತ್ತನೆಯ ಒಂದು ಪಾಲು ಕೊರತೆ ಉಳಿದೇ ಇರುತ್ತದೆ. ಆ ಕೊರತೆ ನೀಗಿಸಲೆಂದೇ ಇಂಟಿಗ್ರಲ್, ಅಂದರೆ ಉಳಿದ ಕೊರತೆಯನ್ನು ಕೂಡಿಸುತ್ತ ಹೋಗಿ ಉರಿ ತಿದ್ದುವ ಭಾಗ, ಬೇಕು, ಇಂಟಿಗ್ರಲ್ ಬಂತೆಂದರೆ ಕುಣಿತ ಇನ್ನೂ ಹತ್ತಿರ. 1942ರಲ್ಲಿ ಝೀಗ್ಲರ್ ಮತ್ತು ನಿಕಲ್ಸ್ ಎಂಬ ಇಂಜಿನಿಯರುಗಳು ನಿಯಂತ್ರಕ ಹೊಂದಿಸಲು ಕೊಟ್ಟ ನಿಯಮದ ಪ್ರಕಾರ ಪ್ರೊಪೋರ್ಷನಲ್ ಒಂದೇ ಆದರೆ ಅಂಚಿನ ಅರ್ಧ, ಇಂಟಿಗ್ರಲ್ ಸೇರಿದರೆ 0.45 ಪಾಲು; ಅಂದರೆ ನಾಲ್ಕಕ್ಕೆ ಬದಲು 3.6. ಹಾಸ್ಟೆಲಿನಲ್ಲಿ ಸಾರು ಬಡಿಸುವಾಗಲೂ ನಾವು "3.6 ಸಾಕು" ಎಂದು ನಗುತ್ತಿದ್ದೆವು. ಅದರಲ್ಲಿ ನಗುವಂಥದ್ದು ಏನಿತ್ತೋ ಈಗ ಹೊಳೆಯುತ್ತಿಲ್ಲ.

ಭದ್ರಾವತಿಯ ಕಾಗದದ ಕಾರ್ಖಾನೆಗೆ ಕರೆದುಕೊಂಡು ಹೋದ ದಿನವೂ ಒಂದು ಲೆಕ್ಕ ಕೈಗೆ ಕೊಟ್ಟೇ ಬಸ್ ಹತ್ತಿಸಿದ್ದರು. ಬಾಯ್ಲರಿನಿಂದ ಹಬೆ ಹೆಚ್ಚು ಎಳೆದುಕೊಂಡರೆ ಅದರ ಡ್ರಮ್ಮಿನ (ನೀರು, ಹಬೆ ಬೇರೆಯಾಗುವ ಪಾತ್ರೆಯ) ನೀರಿನ ಮಟ್ಟ ಏನಾಗುತ್ತದೆ? ಇಳಿಯುತ್ತದೆ ಎಂದು ಎಲ್ಲರೂ ಬರೆದಿದ್ದೆವು. ಮೊದಲು ಏರುತ್ತದೆ. ಒತ್ತಡ ತಗ್ಗಿದಾಗ ನೀರಿನೊಳಗಿನ ಗುಳ್ಳೆಗಳು ಉಬ್ಬಿ ಮಟ್ಟವನ್ನು ಎತ್ತಿ ತೋರಿಸುತ್ತವೆ, ನಿಜವಾದ ಇಳಿತ ಆಮೇಲೆ. ಅಲ್ಲಿನ ಹಿರಿಯ ಕೆಲಸಗಾರರೊಬ್ಬರು ಗಾಜಿನ ಕೊಳವೆ ತೋರಿಸಿ, "ಇದು ಮೊದಲು ಸುಳ್ಳು ಹೇಳಿ ಆಮೇಲೆ ನಿಜ ಹೇಳುತ್ತದಮ್ಮ" ಎಂದರು. ಮೇಷ್ಟ್ರು ಆ ಮಾತನ್ನು ಜೇಬಿನ ಪುಸ್ತಕದಲ್ಲಿ ಬರೆದುಕೊಂಡರು.

ಇನ್ನು ಹದಿನೇಳನೆಯ ಲೆಕ್ಕ. ಈ ಬರಹ ಶುರುಮಾಡಿದ್ದೇ ಅದಕ್ಕಾಗಿ.

ಗುಡ್ಡದ ಅಬ್ಬಿಯಿಂದ ಮನೆಗೆ 600 ಮೀಟರ್ ಪೈಪು, ಒಳವ್ಯಾಸ 25 ಮಿ.ಮೀ. ಮನೆಯಲ್ಲಿ ನಿಮಿಷಕ್ಕೆ 15 ಲೀಟರ್ ಬೀಳುತ್ತದೆ. ಅರ್ಧ ದಾರಿಯಲ್ಲಿ ತೋಟಕ್ಕೊಂದು ಕವಲು. ಮೊದಲ ಪ್ರಶ್ನೆ: ತೋಟದ ನಲ್ಲಿ ತಿರುಗಿಸಿದರೆ ಎಷ್ಟು ಹೊತ್ತಿಗೆ ಮನೆಯ ನೀರು ಕಡಿಮೆಯಾಗುತ್ತದೆ? ಎರಡನೆಯದು: ಅಬ್ಬಿಯ ಬಾಯಲ್ಲಿ ಮಣ್ಣು ಕದಡಿದರೆ ಎಷ್ಟು ಹೊತ್ತಿಗೆ ಮನೆಯ ನೀರು ಕೆಂಪಾಗುತ್ತದೆ?

ನನಗೆ ಸುಲಭವೆನಿಸಿತು. ಪೈಪಿನೊಳಗೆ ಹಿಡಿಯುವ ನೀರು 294 ಲೀಟರ್. ಹದಿನೈದರಿಂದ ಭಾಗಿಸಿದರೆ 19.6 ನಿಮಿಷ. ಕವಲು ಅರ್ಧದಲ್ಲಿದೆ, ಹಾಗಾಗಿ 9.8 ನಿಮಿಷ. ಎರಡಕ್ಕೂ ಡೆಡ್ ಟೈಮ್ (ಬದಲಾವಣೆ ಕಾಣುವವರೆಗಿನ ತಡ) ಎಂದು ಬರೆದು ಕೆಳಗೆ ಗೆರೆ ಎಳೆದೆ. ಹಾಳೆ ವಾಪಸು ಬಂದಾಗ ಕೆಂಪು ಶಾಯಿಯಲ್ಲಿ ಒಂದೇ ಸಾಲು: "ನಿಮ್ಮ ಮನೆಯಲ್ಲಿ ಅಬ್ಬಿ ನೀರಿದೆಯಲ್ಲ, ಅದನ್ನೇ ಕೇಳು."

ನಮ್ಮದು ತೀರ್ಥಹಳ್ಳಿ ಕಡೆಯ ಒಂಟಿಮನೆ. ಅಜ್ಜನ ಕಾಲದಲ್ಲಿ ಸೀಳಿ ತೋಡಿದ ಅಡಿಕೆ ಮರದ ದಂಬೆಯಲ್ಲಿ ಬರುತ್ತಿದ್ದ ನೀರು ನನ್ನ ಕಾಲಕ್ಕೆ ಕಪ್ಪು ಪೈಪಿನಲ್ಲಿ ಬರುತ್ತಿತ್ತು. ಲೆಕ್ಕದ ಅಳತೆಗಳು ನಮ್ಮ ಮನೆಯವೇ. ಮೇಷ್ಟ್ರು ವರ್ಷದ ಮೊದಲಲ್ಲಿ ಒಬ್ಬೊಬ್ಬರನ್ನೂ ಮನೆಯ ನೀರಿನ ಬಗ್ಗೆ ಯಾಕೆ ವಿಚಾರಿಸಿದ್ದರೆಂದು ಆಗ ತಿಳಿಯಿತು. 1995ರ ದೊಡ್ಡಹಬ್ಬಕ್ಕೆ, ಅಂದರೆ ದೀಪಾವಳಿಗೆ, ಊರಿಗೆ ಹೋದವಳು, ದೀಪ ಹಿಡಿದು ಮನೆಮನೆಗೆ ಹಾಡುತ್ತ ಬರುವ ಅಂಟಿಗೆ ಪಂಟಿಗೆಯವರು ಬಂದು ಹೋದ ಮಾರನೆಯ ಬೆಳಗ್ಗೆ ತಮ್ಮನನ್ನು ಹಿಡಿದೆ. ಭದ್ರಾವತಿ ಆಕಾಶವಾಣಿಯ ವಾರ್ತೆಗೆ ಮುಂಚಿನ ಕುಂಯ್ ಕುಂಯ್ ಸದ್ದಿಗೆ ಅಪ್ಪಯ್ಯನ ಗಡಿಯಾರವನ್ನೂ ನನ್ನದನ್ನೂ ಸರಿಮಾಡಿಕೊಂಡೆವು. ಒಂಬತ್ತಕ್ಕೆ ತೋಟದ ನಲ್ಲಿ ಬಿಡುವುದು, ಐದು ನಿಮಿಷಕ್ಕೆ ಕಟ್ಟುವುದು, ಗುಡ್ಡ ಹತ್ತಿ ಒಂಬತ್ತೂವರೆಗೆ ಅಬ್ಬಿಯ ಬಾಯಲ್ಲಿ ಒಂದು ಬುಟ್ಟಿ ಕೆಮ್ಮಣ್ಣು ಸುರಿದು ಕದಡುವುದು. ಹನ್ನೆರಡು ವರ್ಷದ ಹುಡುಗನಿಗೆ ಇದಕ್ಕಿಂತ ದೊಡ್ಡ ಹಬ್ಬ ಯಾವುದು?

ನಾನು ಬಚ್ಚಲ ಪಕ್ಕದ ಕಲ್ಲಿನ ಮೇಲೆ, ಪೈಪಿನ ಬಾಯಿಗೆ ಅಂಗೈ ಒಡ್ಡಿ ನಿಂತಿದ್ದೆ. ಒಂಬತ್ತಾಯಿತು. ಸೆಕೆಂಡಿನ ಮುಳ್ಳು ಎರಡು ಗೆರೆ ದಾಟುವಷ್ಟರಲ್ಲಿ ಅಂಗೈಯ ಮೇಲಿನ ಧಾರೆ ಸೊರಗಿತು. ಒಂಬತ್ತು ನಿಮಿಷವೂ ಇಲ್ಲ, ಎಂಟೂ ಇಲ್ಲ. ತುಂಬಿದ ಪೈಪಿನಲ್ಲಿ ಒತ್ತಡ ಸುದ್ದಿಯ ಹಾಗೆ, ನೀರಿನ ಮೈಮೇಲೆಯೇ ಓಡಿ ಬರುತ್ತದೆ, ನೀರು ನಡೆದು ಬರುವವರೆಗೆ ಕಾಯುವುದಿಲ್ಲ. ಗಣಿತದಲ್ಲಿ ನಾಲ್ಕು ಸಲ ಓದಿದ್ದೆ. ಅಂಗೈಗೆ ತಿಳಿದದ್ದು ಆಗ.

ಒಂಬತ್ತೂವರೆಯಿಂದ ಬಿಳಿಯ ಪಿಂಗಾಣಿ ಬಟ್ಟಲು ಹಿಡಿದು ಕಾದೆ. ಹತ್ತು ನಿಮಿಷ, ಹದಿನೈದು ನಿಮಿಷ, ನೀರು ಕನ್ನಡಿ. ಹದಿನೆಂಟನೆಯ ನಿಮಿಷಕ್ಕೆ ಬಟ್ಟಲ ತಳ ತುಸು ಮಂಕಾಯಿತು. ನೋಡನೋಡುತ್ತ ಕಾವಿ ಬಣ್ಣ. ತಮ್ಮ ಕದಡಿದ್ದು ಒಂದೇ ನಿಮಿಷ, ಕೆಂಪು ಬಂದದ್ದು ಐದಾರು ನಿಮಿಷ, ಬಾಲ ಎಳೆದುಕೊಂಡು, ಮಾಸುತ್ತ ಮಾಸುತ್ತ. ಅಷ್ಟರಲ್ಲಿ ಅಮ್ಮ ಒಳಗಿನ ನಲ್ಲಿಯಿಂದ ಪಾಯಸದ ತಪ್ಪಲೆಗೆ ನೀರು ಹಿಡಿದಾಗಿತ್ತು. "ಕಾಲೇಜಿಗೆ ಕಳಿಸಿದ್ದಕ್ಕೆ ಇದೊಂದು ಬಾಕಿ ಇತ್ತು" ಎಂದು ಶುರುವಾದದ್ದು ಮಧ್ಯಾಹ್ನದ ಊಟದವರೆಗೆ ನಡೆಯಿತು.

ರಜೆ ಮುಗಿಸಿ ಬಂದು, ಮೊದಲನೆಯದಕ್ಕೆ ಎರಡು ಸೆಕೆಂಡು, ಎರಡನೆಯದಕ್ಕೆ 18 ನಿಮಿಷ ಎಂದು ಬರೆದುಕೊಟ್ಟೆ. ಶಭಾಸ್ ಅನ್ನುತ್ತಾರೆ ಎಂದುಕೊಂಡಿದ್ದೆ.

"ಹದಿನೆಂಟನ್ನು ಹದಿನೈದರಿಂದ ಗುಣಿಸು."

"270 ಸಾರ್."

"ಪೈಪಿನಲ್ಲಿ 294 ಅಂದಿದ್ದೆ. ಉಳಿದ 24 ಲೀಟರ್ ಯಾರು ಕುಡಿದರು?"

ಎರಡು ದಿನ ಬೇಕಾಯಿತು. ಪೈಪಿನ ಒಳಗೋಡೆಗೆ ವರ್ಷಗಳ ಲೋಳೆ ಕಟ್ಟಿತ್ತು. ಲೆಕ್ಕ ಮಾಡಿದರೆ ಸುತ್ತಲೂ ಸುಮಾರು ಅರ್ಧ ಮಿಲಿಮೀಟರ್. ಆ ಕೆಂಪಿನ ಉದ್ದನೆಯ ಬಾಲಕ್ಕೆ ಮುಖ್ಯ ಕಾರಣ ಅಬ್ಬಿಯ ಬಾಯಲ್ಲಿದ್ದ ಸಣ್ಣ ಗುಂಡಿ. ಅದೂ ಹಂಡೆಯಂಥದ್ದೇ ಒಂದು ತೊಟ್ಟಿ, ಅದಕ್ಕೂ ಒಂದು ಟೈಮ್ ಕಾನ್‌ಸ್ಟಂಟ್. ಗುಂಡಿಯ ಮುಂದೆ ಉದ್ದನೆಯ ಪೈಪು: ಒಂದನೆಯ ದರ್ಜೆಯ ವ್ಯವಸ್ಥೆ, ಜೊತೆಗೆ ಡೆಡ್ ಟೈಮ್. ಕಾರ್ಖಾನೆಯಲ್ಲಿ ನಿಯಂತ್ರಕ ಹೊಂದಿಸುವವರು ಎಂಥ ಗೋಜಲಿನ ಯಂತ್ರವನ್ನೂ ಮೊದಲು ಇಳಿಸುವುದು ಇದೇ ಗುಂಡಿ ಮತ್ತು ಪೈಪಿನ ಚಿತ್ರಕ್ಕೆ. ಇದನ್ನು ಪುಸ್ತಕದಲ್ಲಿ ಓದುವ ಮೊದಲೇ ನಾನು ಪಾಯಸ ಕೆಡಿಸಿ ಕಲಿತಿದ್ದೆ.

ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಹಂಡೆಯೂ ಬರಲಿಲ್ಲ, ಅಬ್ಬಿಯೂ ಬರಲಿಲ್ಲ. "ಸಾಧಿಸಿ" ಎಂದು ಕೇಳಿದ ಎರಡು ಸೂತ್ರ ಉರು ಹೊಡೆದವರಿಗೆ ನನಗಿಂತ ಹೆಚ್ಚು ಅಂಕ ಬಂತು. ಆ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ ಎಂದು ಇಲ್ಲಿ ದಾಖಲಿಸುತ್ತೇನೆ.

ನನ್ನ ಮೊದಲ ಕೆಲಸ ದೂರದ ಊರಿನ ಒಂದು ಕಾರ್ಖಾನೆಯಲ್ಲಿ. ಬಿಸಿ ದ್ರಾವಣಕ್ಕೆ ತಣ್ಣೀರು ಬೆರೆಸಿ ಹದಕ್ಕೆ ತರುವ ಒಂದು ಕೊಳವೆ ಇತ್ತು. ಉಷ್ಣಮಾಪಕ ಮೊದಲಿದ್ದ ಜಾಗಕ್ಕೆ ಏಣಿ ಇಡುವುದು ಕಷ್ಟವೆಂದು ಯಾರೋ ಅದನ್ನು ಕೊಳವೆಯಲ್ಲಿ ತುಂಬ ಮುಂದಕ್ಕೆ ಹಾಕಿಸಿದ್ದರು. ಅಂದಿನಿಂದ ದಾಖಲೆಯ ದುಂಡು ಕಾಗದದಲ್ಲಿ ಲೇಖನಿ ಅಲೆ ಬರೆಯತೊಡಗಿತು. ಪಾಳಿಯ ಮುಖ್ಯಸ್ಥರು ಗೇನ್ ಏರಿಸಲು ಹೇಳಿದರು. ಏರಿಸಿದೆ. ಅಲೆ ದೊಡ್ಡದಾಯಿತು. ಇನ್ನಷ್ಟು ಏರಿಸಿದೆ. ಒಂದು ಪಾಳಿಯ ಮಾಲು ಪೂರ್ತಿ ಚರಂಡಿಗೆ ಹೋಯಿತು. ಮುಖ್ಯಸ್ಥರದು ಎಷ್ಟು ತಪ್ಪೋ ತಿಳಿಯದೆ ತಿರುಗಿಸಿದ ಕೈಯದೂ ಅಷ್ಟೇ.

ರಾತ್ರಿ ಆ ಕಾಗದವನ್ನು ಮೇಜಿನ ಮೇಲೆ ಹರಡಿ ಅಲೆಗಳನ್ನು ಎಣಿಸಿದೆ. ಒಂದೊಂದೂ ಹನ್ನೆರಡು ನಿಮಿಷ. ತಣ್ಣೀರಿನ ಕವಾಟ ತಿರುಗಿಸಿ ಉಷ್ಣಮಾಪಕಕ್ಕೆ ಗೊತ್ತಾಗುವವರೆಗೆ ಮೂರು ನಿಮಿಷ. ಕೆಂಪು ನೀರು! ಬರಿಯ ಡೆಡ್ ಟೈಮ್ ಇರುವ ಕಡೆ ಪ್ರೊಪೋರ್ಷನಲ್ಲಿನಿಂದ ಕುಣಿತವಾದರೆ ಅಲೆಯ ಉದ್ದ ತಡದ ಎರಡು ಪಟ್ಟು, ಇಂಟಿಗ್ರಲ್ಲಿನಿಂದಾದರೆ ನಾಲ್ಕು ಪಟ್ಟು. ಇದು ಇಪ್ಪತ್ತೊಂದನೆಯ ಲೆಕ್ಕ. ಇದನ್ನೂ ನಾನು ಒಮ್ಮೆ ತಪ್ಪು ಮಾಡಿದ್ದೆ. ಗೇನ್ ಇಳಿಸಿ, ಇಂಟಿಗ್ರಲ್ ನಿಧಾನವಾಗಲೆಂದು ಅದರ ಸಮಯವನ್ನು ಹೆಚ್ಚಿಸಿ ಬೆಳಗಿನವರೆಗೆ ಕಾದೆ. ಲೇಖನಿ ನೆಟ್ಟಗಾಯಿತು. ಕಾರ್ಖಾನೆ ನಿಲ್ಲಿಸಿದ ವಾರ ಉಷ್ಣಮಾಪಕವನ್ನು ಹಳೆಯ ಜಾಗಕ್ಕೆ ಹಾಕಿಸಿ, ಏಣಿಯ ಬದಲು ಕಬ್ಬಿಣದ ಮೆಟ್ಟಿಲು ಮಾಡಿಸಿದೆವು.

ಹೋದ ಮಳೆಗಾಲ ಊರಿಗೆ ಹೋಗಿದ್ದೆ. ತಮ್ಮ ಹಳೆಯ ಪೈಪು ತೆಗೆಸಿ 40 ಮಿ.ಮೀ. ಪೈಪು ಹಾಕಿಸಿದ್ದಾನೆ. ಮನೆಯ ತುದಿಯಲ್ಲಿ ನಲ್ಲಿ ಬಿಗಿದು ಮೊದಲಿನಷ್ಟೇ ನೀರು ಬಿಡುತ್ತಾನೆ. "ಅಕ್ಕಾ, ದೊಡ್ಡ ಪೈಪು ಹಾಕಿದ ಮೇಲೆ ಮಳೆ ನಿಂತು ಎಷ್ಟೋ ಹೊತ್ತಿನವರೆಗೆ ನೀರು ತಿಳಿಯಾಗುವುದೇ ಇಲ್ಲ, ಪೈಪು ಕಳಪೆಯೋ ಏನೋ" ಎಂದ. ಕೂತಲ್ಲೇ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ: ಈಗ ಒಳಗೆ ಹಿಡಿಯುವ ನೀರು 754 ಲೀಟರ್, ಹದಿನೈದರಿಂದ ಭಾಗಿಸಿದರೆ 50 ನಿಮಿಷ. ಖುಷಿ ತಡೆಯಲಾರದೆ ಮೇಷ್ಟ್ರಿಗೆ ಫೋನ್ ಮಾಡಿ ಎಲ್ಲವನ್ನೂ ವಿವರವಾಗಿ ಹೇಳಿದೆ. ಅವರು ಕೊನೆಯವರೆಗೆ ಕೇಳಿಸಿಕೊಂಡರು.

"ನಿಮಿಷಕ್ಕೆ ಹದಿನೈದು ಲೀಟರ್ ಎಂದು ಬಕೆಟ್ ಹಿಡಿದು ಅಳೆದೆಯೋ, ತಮ್ಮ ಹೇಳಿದನೋ?"

"ತಮ್ಮ ಹೇಳಿದ ಸಾರ್."

ಆ ಕಡೆಯಿಂದ ಮಾತಿಲ್ಲ. ಫೋನ್ ಇಟ್ಟು ಬಕೆಟ್ ಹುಡುಕಲು ಬಚ್ಚಲಿಗೆ ಹೋದೆ.